ರೈಲಿನ ಮೇಲೆ ಟ್ಯಾಂಕ್ ಹೊರಟರೆ ಯುದ್ಧ ಶುರು ಎಂದೇ ಅರ್ಥವೇ? ಸೈನ್ಯದ ಗಾಡಿಗಳ ರಿಪೇರಿ ಹಿಂದಿನ ಲೆಕ್ಕಾಚಾರ

ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಉದ್ದನೆಯ ಗೂಡ್ಸ್ ರೈಲು, ಅದರ ಮೇಲೆ ಸಾಲಾಗಿ ಟಾರ್ಪಾಲಿನ್ ಹೊದಿಸಿದ ಸೈನ್ಯದ ಗಾಡಿಗಳು, ನಡುವೆ ಒಂದೆರಡು ಟ್ಯಾಂಕ್. ಕೆಳಗೆ ಒಂದು ಸಾಲು: "ಈಗಷ್ಟೇ ನಮ್ಮೂರು ದಾಟಿತು. ದೊಡ್ಡದೇನೋ ಆಗಲಿದೆ. ಎಲ್ಲರಿಗೂ ತಿಳಿಸಿ." ಹತ್ತು ನಿಮಿಷದೊಳಗೆ ಅದು ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಅಲ್ಲಿಂದ ಬೆಳಗಾವಿ, ಗದಗ, ಕಾರವಾರಕ್ಕೆ ಹೋಗಿರುತ್ತದೆ. ಯಾರದೋ ಮನೆಯಲ್ಲಿ ಗಡಿಯಲ್ಲಿರುವ ಮಗನ ಫೋನ್ ಹತ್ತಲಿಲ್ಲವೆಂದು ತಾಯಿ ರಾತ್ರಿಯೆಲ್ಲ ನಿದ್ದೆ ಮಾಡಿರುವುದಿಲ್ಲ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡೋಣ. ಸೈನ್ಯದ ಗಾಡಿ ರೈಲಿನಲ್ಲಿ ಹೋಗುವುದಕ್ಕೆ ಹಲವು ಕಾರಣಗಳಿವೆ: ತರಬೇತಿ, ಸಮರಾಭ್ಯಾಸ, ಒಂದು ಘಟಕ ಒಂದು ಊರಿನಿಂದ ಇನ್ನೊಂದಕ್ಕೆ ವರ್ಗವಾಗುವುದು, ಕಾರ್ಖಾನೆಯಿಂದ ಹೊಸ ಗಾಡಿ ಬರುವುದು. ಇವೆಲ್ಲದರ ಜೊತೆಗೆ ಜನ ಯೋಚಿಸದ ಇನ್ನೊಂದು ಕಾರಣವಿದೆ, ಅದು ರಿಪೇರಿ. ರೈಲನ್ನು ನೋಡಿ ಇದರಲ್ಲಿ ಯಾವುದು ನಿಜ ಎಂದು ದಾರಿಯಲ್ಲಿ ನಿಂತವರಿಗೆ ಹೇಳಲು ಸಾಧ್ಯವೇ ಇಲ್ಲ.

ರಿಪೇರಿಗೆ ಅಷ್ಟು ದೂರ ಯಾಕೆ ಹೋಗಬೇಕು? ಸೈನ್ಯದಲ್ಲಿ ಮೆಕ್ಯಾನಿಕ್ ಇರುವುದಿಲ್ಲವೇ? ಇರುತ್ತಾರೆ. ಆದರೆ ಯಾವ ಕೆಲಸ ಯಾರು ಮಾಡಬೇಕು, ಎಲ್ಲಿ ಮಾಡಬೇಕು, ಯಾರು ಮುಟ್ಟಲೇಬಾರದು ಎಂದು ಮೊದಲೇ ಹಂಚಿಟ್ಟಿರುತ್ತಾರೆ. ಆ ಹಂಚಿಕೆ ಹೇಗೆ ನಡೆಯುತ್ತದೆ ಎಂದು ಗೊತ್ತಾದರೆ ಫಾರ್ವರ್ಡ್ ಒತ್ತುವ ಬೆರಳು ಸ್ವಲ್ಪ ನಿಧಾನವಾಗುತ್ತದೆ. ನಮ್ಮ ಮನೆಯ ಮೋಟರ್, ಸ್ಕೂಟರ್, ಮೊಬೈಲಿಗೂ ಅದೇ ಪಾಠ ಉಪಯೋಗಕ್ಕೆ ಬರುತ್ತದೆ.

ಮೊದಲು ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗೋಣ

ಸೈನ್ಯದ ವರ್ಕ್‌ಶಾಪ್ ಒಳಗೆ ನಮ್ಮನ್ನು ಬಿಡುವುದಿಲ್ಲ. ಆದರೆ ಅದೇ ಪದ್ಧತಿ ಹುಬ್ಬಳ್ಳಿಯವರ ಕಣ್ಣೆದುರೇ ದಿನವೂ ನಡೆಯುತ್ತಿದೆ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಿಂದ ಹುಬ್ಬಳ್ಳಿ ಸ್ಟೇಷನ್ ಈಗ ಜಗತ್ತಿಗೇ ಪರಿಚಿತ. ಆದರೆ ಈ ಊರಿನ ರೈಲ್ವೆ ಇತಿಹಾಸ ಅದಕ್ಕಿಂತ ಬಹಳ ಹಳೆಯದು. ಸದರ್ನ್ ಮರಾಠಾ ರೈಲ್ವೆ ಕಾಲದಲ್ಲಿ, 1885ರಲ್ಲಿ ಶುರುವಾದ ರೈಲ್ವೆ ವರ್ಕ್‌ಶಾಪ್ ಇಂದಿಗೂ ಕೆಲಸ ಮಾಡುತ್ತಿದೆ.

ಒಂದು ಪ್ಯಾಸೆಂಜರ್ ಬೋಗಿಯ ಆರೈಕೆ ಹೇಗೆ ನಡೆಯುತ್ತದೆ ನೋಡಿ.

ಪ್ರಯಾಣ ಮುಗಿಸಿ ಬಂದ ರೈಲು ಪಿಟ್ ಲೈನಿಗೆ ಹೋಗುತ್ತದೆ. ಹಳಿಯ ನಡುವೆ ಗುಂಡಿ ತೋಡಿದ ಜಾಗ ಅದು. ಸಿಬ್ಬಂದಿ ಬೋಗಿಯ ಕೆಳಗೆ ನಿಂತು ಬ್ರೇಕ್, ಚಕ್ರ, ಸ್ಪ್ರಿಂಗ್ ನೋಡುತ್ತಾರೆ, ತೊಳೆಯುತ್ತಾರೆ, ನೀರು ತುಂಬುತ್ತಾರೆ. ಸಣ್ಣಪುಟ್ಟ ದೋಷ ಅಲ್ಲೇ ಸರಿಯಾಗುತ್ತದೆ.

ಅಲ್ಲಿ ಸರಿಯಾಗದ ದೋಷ ಸಿಕ್ಕರೆ ಆ ಒಂದು ಬೋಗಿಯನ್ನು ರೈಲಿನಿಂದ ಬಿಡಿಸಿ ಸಿಕ್ ಲೈನಿಗೆ ಕಳಿಸುತ್ತಾರೆ. ಹೆಸರೇ ಹೇಳುವಂತೆ ಅದು "ಕಾಯಿಲೆ ಬಿದ್ದ" ಬೋಗಿಗಳ ಹಳಿ. ಅಲ್ಲಿ ಬೋಗಿ ಎತ್ತುವ ಸಲಕರಣೆ ಇರುತ್ತದೆ, ಹೆಚ್ಚು ಸಮಯವೂ ಇರುತ್ತದೆ.

ಮೂರನೆಯದು ವರ್ಕ್‌ಶಾಪ್. ಹಳೆಯ ಐಸಿಎಫ್ ಮಾದರಿಯ ಬೋಗಿ ಸಾಮಾನ್ಯವಾಗಿ 18 ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲೇಬೇಕು, ಕೆಟ್ಟಿರಲಿ, ಬಿಡಲಿ. ಇದಕ್ಕೆ ಪಿಒಎಚ್, ಅಂದರೆ ಅವಧಿಗೊಮ್ಮೆ ಮಾಡುವ ಪೂರ್ತಿ ಓವರ್‌ಹಾಲ್ ಎನ್ನುತ್ತಾರೆ. ಚಕ್ರದ ಗಾಡಿಯಿಂದ ಬೋಗಿಯ ಮೈಯನ್ನೇ ಎತ್ತಿ ಬೇರೆ ಮಾಡಿ, ಭಾಗಗಳನ್ನು ಬಿಚ್ಚಿ, ತೊಳೆದು, ಅಳೆದು, ಸವೆದಿದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಬಣ್ಣ ಹೊಡೆದು ಕಳಿಸುತ್ತಾರೆ.

ಮುಂದಿನ ಸಲ ಸ್ಟೇಷನ್ನಿಗೆ ಹೋದಾಗ ಬೋಗಿಯ ಕೊನೆಯ ಗೋಡೆಯನ್ನು ಗಮನಿಸಿ. ಯಾವ ವರ್ಕ್‌ಶಾಪಿನಲ್ಲಿ ಯಾವಾಗ ಪಿಒಎಚ್ ಆಯಿತು, ಮತ್ತೆ ಯಾವಾಗ ಮರಳಬೇಕು ಎಂದು ಬಣ್ಣದಲ್ಲಿ ಬರೆದಿರುತ್ತಾರೆ.

ಇನ್ನು ಎಂಜಿನ್ ಓಡಿಸುವ ಲೋಕೊ ಪೈಲಟ್. ಅವರೂ ಈ ಹಂಚಿಕೆಯ ಒಳಗೇ ಇದ್ದಾರೆ. ದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ಏನು ನೋಡಬೇಕು, ಯಾವ ಸ್ವಿಚ್ ಹಾಕಿ ತೆಗೆದು ಪ್ರಯತ್ನಿಸಬಹುದು ಎಂದು ಹೇಳುವ ಟ್ರಬಲ್ ಶೂಟಿಂಗ್ ಡೈರೆಕ್ಟರಿ ಅವರಲ್ಲಿರುತ್ತದೆ. ಅದರಲ್ಲಿರುವಷ್ಟು ಮಾಡಿ ನೋಡುತ್ತಾರೆ. ಆಗಲಿಲ್ಲವೆಂದರೆ ಬೇರೆ ಎಂಜಿನ್ ಕೇಳುತ್ತಾರೆ. ಎಂಜಿನ್ ಬಿಚ್ಚಲು ಕೂರುವುದಿಲ್ಲ. ಅದು ಲೋಕೊ ಶೆಡ್ಡಿನವರ ಕೆಲಸ.

ನಮ್ಮ ವಾಯವ್ಯ ಸಾರಿಗೆಯ ಬಸ್ಸಿನದೂ ಇದೇ ಕಥೆ. ದಿನದ ತಪಾಸಣೆ ಡಿಪೊದಲ್ಲಿ, ಅದಕ್ಕಿಂತ ದೊಡ್ಡ ಕೆಲಸ ವಿಭಾಗದ ಕಾರ್ಯಾಗಾರದಲ್ಲಿ, ಎಲ್ಲಕ್ಕಿಂತ ದೊಡ್ಡದು ಹುಬ್ಬಳ್ಳಿಯ ಪ್ರಾದೇಶಿಕ ಕಾರ್ಯಾಗಾರದಲ್ಲಿ. ಡ್ರೈವರ್ ಸ್ಟೆಪ್ನಿ ಹಾಕಬಹುದು, ಗೇರ್‌ಬಾಕ್ಸ್ ಬಿಚ್ಚುವಂತಿಲ್ಲ.

ಸೈನ್ಯದಲ್ಲಿ ಹಂತಗಳು ಹೇಗಿವೆ?

ಭಾರತೀಯ ಭೂಸೇನೆಯಲ್ಲಿ ಈ ಕೆಲಸಕ್ಕೆಂದೇ ಒಂದು ದಳವಿದೆ. ಅದರ ಹೆಸರು ಇಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ದಳ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಇದು ರೂಪುಗೊಂಡಿತು. ಪ್ರತಿ ವರ್ಷ ಅಕ್ಟೋಬರ್ 15ರಂದು ದಳದ ದಿನ ಆಚರಿಸುತ್ತಾರೆ. ಟ್ಯಾಂಕ್, ಫಿರಂಗಿ, ಲಾರಿಯಿಂದ ಹಿಡಿದು ರೇಡಾರ್‌ವರೆಗೆ ರಿಪೇರಿಯ ಹೊಣೆ ಇವರದು.

ಒಂದು ಸೇನಾ ಲಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಹಂತಗಳನ್ನು ನೋಡೋಣ. ಗಾಡಿಯಿಂದ ಗಾಡಿಗೆ ವಿವರ ಬದಲಾಗುತ್ತದೆ, ಆದರೆ ಲೆಕ್ಕ ಒಂದೇ.

ಮೊದಲ ಹಂತ, ಗಾಡಿ ಬಳಸುವವರು. ಡ್ರೈವರ್ ಅಥವಾ ಟ್ಯಾಂಕಿನ ಸಿಬ್ಬಂದಿ. ಬೆಳಿಗ್ಗೆ ಹೊರಡುವ ಮುನ್ನ ಆಯಿಲ್, ನೀರು, ಗಾಳಿ, ಬೆಲ್ಟು, ಲೈಟು ನೋಡುವುದು, ಸೋರಿಕೆ ಇದೆಯೇ ಎಂದು ಬಗ್ಗಿ ನೋಡುವುದು, ಏರ್ ಫಿಲ್ಟರ್ ಸ್ವಚ್ಛ ಮಾಡುವುದು, ಸಡಿಲವಾದ ಬೋಲ್ಟ್ ಬಿಗಿ ಮಾಡುವುದು. ಕೇಳಲು ಇದು ಸಣ್ಣ ಕೆಲಸ. ಆದರೆ ರಾಜಸ್ಥಾನದ ಮರಳಿನಲ್ಲಿ ಏರ್ ಫಿಲ್ಟರ್ ಸ್ವಚ್ಛವಿಲ್ಲದಿದ್ದರೆ ದೂಳು ಎಂಜಿನ್ ಒಳಗೆ ಹೋಗಿ ಪಿಸ್ಟನ್, ರಿಂಗ್, ಸಿಲಿಂಡರ್ ಎಲ್ಲವನ್ನೂ ಉಜ್ಜಿ ಸವೆಸುತ್ತದೆ. ಕೆಲವು ನಿಮಿಷದ ಕೆಲಸ ತಪ್ಪಿಸಿದ್ದಕ್ಕೆ ಇಡೀ ಎಂಜಿನ್ ಹೋಗುತ್ತದೆ.

ಎರಡನೇ ಹಂತ, ಘಟಕದ ಜೊತೆಗೇ ಇರುವ ಸಣ್ಣ ವರ್ಕ್‌ಶಾಪ್. ಸೈನ್ಯದ ಭಾಷೆಯಲ್ಲಿ ಲೈಟ್ ರಿಪೇರಿ ವರ್ಕ್‌ಶಾಪ್. ಇಲ್ಲಿ ತರಬೇತಾದ ಮೆಕ್ಯಾನಿಕ್‌ಗಳು, ವೆಲ್ಡರ್, ಎಲೆಕ್ಟ್ರಿಷಿಯನ್ ಇರುತ್ತಾರೆ. ಸ್ಟಾರ್ಟರ್ ಅಥವಾ ಡೈನಮೊ ಬದಲಿಸುವುದು, ಬ್ರೇಕ್ ಹೊಂದಿಸುವಂಥ ಕೆಲಸ ಈ ಮಟ್ಟದ್ದು. ಘಟಕ ಎಲ್ಲಿ ಹೋದರೂ ಇವರು ಹಿಂದೆಯೇ ಹೋಗುತ್ತಾರೆ. ಹಾಗಾಗಿ ಲಾರಿಗಳಲ್ಲಿ ಹೊತ್ತೊಯ್ಯುವಷ್ಟು ಸಾಮಾನು ಮಾತ್ರ ಇಟ್ಟುಕೊಳ್ಳಲು ಸಾಧ್ಯ.

ಮೂರನೇ ಹಂತ, ಫೀಲ್ಡ್ ವರ್ಕ್‌ಶಾಪ್. ಮುಂಚೂಣಿಯಿಂದ ಸ್ವಲ್ಪ ಹಿಂದೆ, ಹಲವು ಘಟಕಗಳಿಗೆ ಸೇರಿ ಇರುತ್ತದೆ. ಕ್ರೇನ್ ಇರುತ್ತದೆ, ಹೆಚ್ಚು ಸ್ಪೇರ್ ಇರುತ್ತದೆ. ಇಡೀ ಎಂಜಿನ್ ಎತ್ತಿ ಇನ್ನೊಂದು ಕೂರಿಸುವುದು, ಗೇರ್‌ಬಾಕ್ಸಿನ ಕೆಲಸ, ಹಾನಿಯಾದ ಗಾಡಿಯನ್ನು ಎಳೆದು ತರುವುದು ಇಲ್ಲಿಯವರದು.

ನಾಲ್ಕನೇ ಹಂತ, ಬೇಸ್ ವರ್ಕ್‌ಶಾಪ್. ಇದು ಕಾರ್ಖಾನೆಯಷ್ಟೇ ದೊಡ್ಡದು, ಜಾಗ ಬಿಟ್ಟು ಕದಲುವುದಿಲ್ಲ. ಬೆಂಗಳೂರಿನಲ್ಲಿ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ, ಪುಣೆಯ ಖಡಕಿಯಲ್ಲಿ 512, ದೆಹಲಿ ಕಂಟೋನ್ಮೆಂಟಿನಲ್ಲಿ 505. ಇಲ್ಲಿ ಗಾಡಿಯನ್ನು ಕೊನೆಯ ನಟ್ಟಿನವರೆಗೂ ಬಿಚ್ಚಿ ಮತ್ತೆ ಹೊಸದರಂತೆ ಕಟ್ಟುತ್ತಾರೆ. 2024ರ ಅಕ್ಟೋಬರಿನಲ್ಲಿ ದೆಹಲಿಯ 505 ವರ್ಕ್‌ಶಾಪಿನಿಂದ ಪೂರ್ತಿ ಓವರ್‌ಹಾಲ್ ಆದ ಮೊದಲ ಟಿ-90 ಭೀಷ್ಮ ಟ್ಯಾಂಕ್ ಹೊರಬಂದಾಗ ಅದು ದೊಡ್ಡ ಸುದ್ದಿಯಾಗಿತ್ತು.

ಈಗ ರೈಲಿಗೆ ಮರಳಿ ಬನ್ನಿ. ಟಿ-90 ಟ್ಯಾಂಕಿನ ತೂಕ ಸುಮಾರು 46 ಟನ್. ಅದನ್ನು ರಸ್ತೆಯ ಮೇಲೆ ನೂರಾರು ಕಿಲೊಮೀಟರ್ ಓಡಿಸಿದರೆ ರಸ್ತೆ ಹಾಳು, ಟ್ಯಾಂಕಿನ ಚೈನು ಸವೆತ, ಎಂಜಿನ್ನಿನ ಆಯುಷ್ಯವೂ ಖರ್ಚು. ಕೆಟ್ಟು ನಿಂತ ಟ್ಯಾಂಕ್ ಅಂತೂ ಓಡುವುದೇ ಇಲ್ಲ. ಆದ್ದರಿಂದ ರಿಪೇರಿಗೆ ಹೋಗಲಿ, ಅಭ್ಯಾಸಕ್ಕೆ ಹೋಗಲಿ, ದೂರದ ಪ್ರಯಾಣವೆಂದರೆ ರೈಲೇ ಸರಿ. ಈ ಸಾಗಣೆಗಾಗಿ ಸೈನ್ಯ ಮತ್ತು ರೈಲ್ವೆ ನಡುವೆ ಮಿಲ್‌ರೈಲ್ ಎಂಬ ವ್ಯವಸ್ಥೆಯೇ ಇದೆ. ಶಾಂತಿಕಾಲದಲ್ಲೂ ಅದಕ್ಕೆ ಕೆಲಸವಿರುತ್ತದೆ.

ಯಾರು ಏನು ಮಾಡಬೇಕೆಂದು ಯಾರು ತೀರ್ಮಾನಿಸುತ್ತಾರೆ?

ಇದು ಕಮಾಂಡರ್ ಆ ಹೊತ್ತಿಗೆ ಬಾಯಿಮಾತಿನಲ್ಲಿ ಹೇಳುವ ವಿಷಯವಲ್ಲ. ಒಂದೊಂದು ಸಲಕರಣೆಗೂ ಮೊದಲೇ ಮುದ್ರಿಸಿದ ಪಟ್ಟಿ ಇರುತ್ತದೆ.

ಅಮೆರಿಕದ ಸೈನ್ಯದ ಪಟ್ಟಿ ಎಲ್ಲರಿಗೂ ಸಿಗುವಂಥದ್ದು, ಅದನ್ನೇ ನೋಡೋಣ. ಅದರ ಹೆಸರು ಮೇಂಟೆನೆನ್ಸ್ ಅಲೊಕೇಶನ್ ಚಾರ್ಟ್. ಸರಳವಾಗಿ ಕೆಲಸ ಹಂಚಿಕೆ ಪಟ್ಟಿ ಎನ್ನೋಣ. ಸಲಕರಣೆಯ ಕೈಪಿಡಿಯ ಹಿಂಭಾಗದಲ್ಲಿ ಅದು ಇರುತ್ತದೆ. ಎಡಗಡೆ ಭಾಗದ ಹೆಸರು: ಎಂಜಿನ್, ಇಂಧನ ಪಂಪ್, ಬ್ಯಾಟರಿ. ಅದರ ಪಕ್ಕ ಮಾಡಬೇಕಾದ ಕೆಲಸ. ಅದರ ಮುಂದೆ ಹಂತಗಳ ಕಾಲಂ. ಹಳೆಯ ಪಟ್ಟಿಗಳಲ್ಲಿ ಸಿ ಎಂದರೆ ಬಳಸುವ ಸಿಬ್ಬಂದಿ, ಒ ಎಂದರೆ ಘಟಕ, ಎಫ್ ಮತ್ತು ಎಚ್ ಎಂದರೆ ಹಿಂದಿನ ಎರಡು ವರ್ಕ್‌ಶಾಪ್ ಹಂತ, ಡಿ ಎಂದರೆ ಡಿಪೊ. ಯಾವ ಕಾಲಂನಲ್ಲಿ ಅಂಕಿ ಇದೆಯೋ ಆ ಹಂತಕ್ಕೆ ಆ ಕೆಲಸದ ಹೊಣೆ. ಅಂಕಿ ಎಂದರೆ ಎಷ್ಟು ಗಂಟೆ ಬೇಕೆಂಬ ಅಂದಾಜು. ಕೊನೆಯಲ್ಲಿ ಬೇಕಾದ ಟೂಲ್‌ಗಳ ಸಂಖ್ಯೆ.

ಇದರಲ್ಲಿ ಗಮನಿಸಬೇಕಾದದ್ದು ಕೆಲಸದ ಹೆಸರುಗಳು. "ರಿಪೇರಿ" ಎಂಬ ಒಂದೇ ಮಾತಿನಿಂದ ಅವರು ಸುಮ್ಮನಾಗುವುದಿಲ್ಲ. ನೋಡುವುದು, ಪರೀಕ್ಷೆ ಮಾಡುವುದು, ಸರ್ವಿಸ್ ಮಾಡುವುದು, ಹೊಂದಿಸುವುದು, ಅಳತೆ ಸರಿಪಡಿಸುವುದು, ಬದಲಿಸುವುದು, ರಿಪೇರಿ ಮಾಡುವುದು, ಓವರ್‌ಹಾಲ್ ಮಾಡುವುದು, ಹೊಸದಾಗಿ ಕಟ್ಟುವುದು, ಇವೆಲ್ಲ ಬೇರೆ ಬೇರೆ ಕೆಲಸ. ಒಂದೇ ಭಾಗಕ್ಕೆ ಬೇರೆ ಬೇರೆ ಹಂತ ಬರಬಹುದು.

ಒಂದು ಇಂಧನ ಪಂಪನ್ನು ಯೋಚಿಸಿ. ಅದು ಸೋರುತ್ತಿದೆಯೇ ಎಂದು ನೋಡುವುದು ಡ್ರೈವರ್ ಕೆಲಸ. ಅದನ್ನು ತೆಗೆದು ಬೇರೆ ಪಂಪ್ ಹಾಕುವುದು ಘಟಕದ ಮೆಕ್ಯಾನಿಕ್ ಕೆಲಸ. ತೆಗೆದ ಪಂಪನ್ನು ಬಿಚ್ಚಿ ಒಳಗೆ ಸರಿ ಮಾಡುವುದು ಹಿಂದಿನ ವರ್ಕ್‌ಶಾಪಿನದು, ಯಾಕೆಂದರೆ ಅದಕ್ಕೆ ಪರೀಕ್ಷೆಯ ಬೆಂಚು ಬೇಕು. ಗಾಡಿ ಮಾತ್ರ ಬೇರೆ ಪಂಪ್ ಹಾಕಿಸಿಕೊಂಡು ಅಂದೇ ಹೊರಟುಬಿಡುತ್ತದೆ. "ಬದಲಿಸು" ಮತ್ತು "ರಿಪೇರಿ ಮಾಡು" ಎರಡನ್ನೂ ಬೇರೆ ಮಾಡಿದ್ದರಿಂದ ಆದ ಲಾಭ ಇದು: ಗಾಡಿ ಕಾಯುವುದಿಲ್ಲ, ಕೆಟ್ಟ ಭಾಗ ಮಾತ್ರ ಹಿಂದಕ್ಕೆ ಪ್ರಯಾಣ ಮಾಡುತ್ತದೆ.

ಒಂದು ಕೆಲಸ ಯಾವ ಹಂತಕ್ಕೆ ಸೇರಬೇಕೆಂದು ನಿರ್ಧರಿಸುವಾಗ ಕೇಳುವ ಪ್ರಶ್ನೆಗಳು ಇವು:

ಎಷ್ಟು ಹೊತ್ತು ಬೇಕು? ಶತ್ರು ಹತ್ತಿರವಿರುವಾಗ ಎರಡು ದಿನ ಒಂದೇ ಜಾಗದಲ್ಲಿ ಕೂರಲಾಗದು.

ಯಾವ ಟೂಲ್ ಬೇಕು? ಪಾನಾ ಸಾಕೋ, ಕ್ರೇನ್ ಬೇಕೋ, ದೂಳಿಲ್ಲದ ಕೋಣೆಯೇ ಬೇಕೋ?

ಎಷ್ಟು ಕಲಿತವರು ಬೇಕು? ಲಾರಿಯ ಗಾಳಿ ನೋಡುವುದಕ್ಕೂ ರೇಡಾರ್ ಸರಿ ಮಾಡುವುದಕ್ಕೂ ವ್ಯತ್ಯಾಸವಿದೆ.

ಸ್ಪೇರ್ ಎಷ್ಟು ಭಾರ, ಎಷ್ಟು ಅಪರೂಪ? ಎಲ್ಲ ಘಟಕಗಳಿಗೂ ಒಂದೊಂದು ಹೆಚ್ಚುವರಿ ಎಂಜಿನ್ ಕೊಟ್ಟರೆ ಹೊರಲಾಗದು, ಕೊಂಡು ಮುಗಿಸಲೂ ಆಗದು.

ತಪ್ಪಾದರೆ ಏನಾಗುತ್ತದೆ? ಹಾರ್ನ್ ತಪ್ಪಾಗಿ ಕೂರಿಸಿದರೆ ಸದ್ದು ಬರುವುದಿಲ್ಲ, ಅಷ್ಟೇ. ಫಿರಂಗಿಯ ಭಾಗ ತಪ್ಪಾಗಿ ಕೂರಿಸಿದರೆ ಸಿಬ್ಬಂದಿಯ ಜೀವ ಹೋಗುತ್ತದೆ.

ಎಲ್ಲವನ್ನೂ ಒಂದೇ ಕಡೆ ಮಾಡಿದರೆ ಆಗದೇ?

ಈ ಪ್ರಶ್ನೆಗೆ ಎರಡನೇ ಮಹಾಯುದ್ಧ ಉತ್ತರ ಕೊಟ್ಟಿತು. 1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ, ದೊಡ್ಡ ರಿಪೇರಿ ಬೇಕಾದ ಟ್ಯಾಂಕುಗಳನ್ನು ಜರ್ಮನಿಯ ಕಾರ್ಖಾನೆಗಳಿಗೆ ವಾಪಸ್ ಕಳಿಸುತ್ತಿದ್ದರು. ಯುದ್ಧಭೂಮಿ ಮುಂದೆ ಮುಂದೆ ಹೋದಂತೆ ದಾರಿ ಉದ್ದವಾಯಿತು. ಹೋದ ಟ್ಯಾಂಕ್ ಬೇಗ ಮರಳಲಿಲ್ಲ, ಮುಂಚೂಣಿಯಲ್ಲಿ ಟ್ಯಾಂಕಿನ ಕೊರತೆಯಾಯಿತು. ಅವರಲ್ಲೂ ಯುದ್ಧಭೂಮಿಯಲ್ಲಿ ವರ್ಕ್‌ಶಾಪ್‌ಗಳಿದ್ದವು. ಆದರೆ ದೊಡ್ಡ ಕೆಲಸದ ಭಾರ ದೂರದ ತಾಯ್ನಾಡಿನ ಮೇಲೇ ಬಿದ್ದಿತ್ತು.

ಬ್ರಿಟಿಷರು ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಕೆಟ್ಟ ಟ್ಯಾಂಕುಗಳನ್ನು ರಾತ್ರಿಯಲ್ಲಿ ಎಳೆದು ತಂದು ಸರಿ ಮಾಡಿ ಮತ್ತೆ ಕಳಿಸುವುದನ್ನು ಕಲಿತರು. ಅಲ್ಲಲ್ಲಿ ಚದುರಿದ್ದ ರಿಪೇರಿ ವಿಭಾಗಗಳನ್ನೆಲ್ಲ ಸೇರಿಸಿ 1942ರ ಅಕ್ಟೋಬರ್ 1ರಂದು ಪ್ರತ್ಯೇಕ ದಳ ಮಾಡಿದರು. ಭಾರತದ ಇಎಂಇ ಮರುವರ್ಷ ಅದೇ ಮಾದರಿಯಲ್ಲಿ ಬಂದಿತು. ಅಮೆರಿಕದವರು ಆ ಯುದ್ಧದಲ್ಲಿ ಕೆಲಸವನ್ನು ಡ್ರೈವರಿನಿಂದ ಹಿಡಿದು ದೊಡ್ಡ ಬೇಸ್‌ವರೆಗೆ ಐದು ಮೆಟ್ಟಿಲು ಮಾಡಿದ್ದರು.

ಆ ಕೊನೆಯ ಮೆಟ್ಟಿಲುಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಯುದ್ಧದಿಂದ ಬಳಲಿ ಬಂದ ವಿಮಾನಗಳು, ಎಂಜಿನ್‌ಗಳು ಬೆಂಗಳೂರಿನಲ್ಲಿ ಓವರ್‌ಹಾಲ್ ಆಗಿ ಹೋಗುತ್ತಿದ್ದವು. ಅದೇ ಸಂಸ್ಥೆ ಇಂದಿನ ಎಚ್‌ಎಎಲ್. ಈಗಲೂ ವಾಯುಪಡೆಯ ಜಾಗ್ವಾರ್, ಮಿರಾಜ್ ವಿಮಾನಗಳ ದೊಡ್ಡ ಕೆಲಸ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ನಡೆಯುತ್ತದೆ. ಹಾರುವ ಮುನ್ನದ ತಪಾಸಣೆ ಮಾತ್ರ ಆಯಾ ವಾಯುನೆಲೆಯ ಸಿಬ್ಬಂದಿಯದು.

ನೌಕಾಪಡೆಗೂ ಇದೇ ನಿಯಮ. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯನ್ನು ಹುಬ್ಬಳ್ಳಿಯವರು ಬಲ್ಲರು. ಸಮುದ್ರದ ನಡುವೆ ಪಂಪ್ ಕೆಟ್ಟರೆ ಹಡಗಿನವರೇ ಸರಿ ಮಾಡಿಕೊಳ್ಳಬೇಕು, ಅಲ್ಲಿ ಗ್ಯಾರೇಜ್ ಇಲ್ಲ. ದಡಕ್ಕೆ ಬಂದ ಮೇಲೆ ದೊಡ್ಡ ಕೆಲಸ ರಿಪೇರಿ ಯಾರ್ಡಿನದು. ಹಡಗಿನ ತಳ ನೋಡಬೇಕೆಂದರೆ ಹಡಗನ್ನೇ ನೀರಿನಿಂದ ಮೇಲೆತ್ತಬೇಕು. ಅದಕ್ಕಾಗಿ ಕಾರವಾರದಲ್ಲಿ 10,000 ಟನ್ ಎತ್ತುವ ಶಿಪ್ ಲಿಫ್ಟ್ ಇದೆ.

ಹಂತ ತಪ್ಪಿದರೆ ಎರಡು ಬಗೆಯ ನಷ್ಟ

ಕೆಳಗಿನವರು ಮೇಲಿನವರ ಕೆಲಸಕ್ಕೆ ಕೈ ಹಾಕಿದರೆ ಏನಾಗುತ್ತದೆಂದು ಎಲ್ಲರೂ ಊಹಿಸಬಹುದು. ಸರಿಯಾದ ಟೂಲ್ ಇಲ್ಲದೆ ಬಿಚ್ಚಿದ ಭಾಗ ಹಾಳಾಗುತ್ತದೆ, ಅಳತೆ ತಪ್ಪುತ್ತದೆ. ಸಣ್ಣ ದೋಷ ದೊಡ್ಡದಾಗಿ ವರ್ಕ್‌ಶಾಪ್ ಸೇರುತ್ತದೆ.

ಎರಡನೆಯ ನಷ್ಟ ಸುಲಭವಾಗಿ ಕಾಣುವುದಿಲ್ಲ. ಕೆಳಗಿನವರು ತಮ್ಮ ಕೆಲಸವನ್ನೇ ಮಾಡದೆ ಎಲ್ಲವನ್ನೂ ಮೇಲಕ್ಕೆ ತಳ್ಳಿದರೆ, ಎಂಜಿನ್ ಕಟ್ಟಬೇಕಾದ ಜಾಗದಲ್ಲಿ ಫಿಲ್ಟರ್ ಬದಲಿಸುವ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ನಿಜವಾಗಿ ಅಲ್ಲಿಗೇ ಬರಬೇಕಾದ ಟ್ಯಾಂಕ್ ಹೊರಗೆ ಕಾಯುತ್ತದೆ. ಜ್ವರ, ನೆಗಡಿಗೂ ನೇರ ಕಿಮ್ಸ್‌ಗೆ ಹೋದರೆ ಅಪಘಾತದ ರೋಗಿಗೆ ಜಾಗ ಸಿಗದಂತೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಎಂಬ ಮೆಟ್ಟಿಲುಗಳೂ ಇದೇ ಲೆಕ್ಕದಲ್ಲಿ ಇವೆ.

ಹಾಗೆಂದು ಮೆಟ್ಟಿಲು ಹೆಚ್ಚಿದ್ದಷ್ಟೂ ಒಳ್ಳೆಯದೆಂದಲ್ಲ. ಪ್ರತಿ ಮೆಟ್ಟಿಲಿಗೂ ಸ್ಪೇರ್ ದಾಸ್ತಾನು, ಜನ, ಟೂಲ್ ಬೇಕು. ಅಮೆರಿಕದ ಭೂಸೇನೆ ಬಹುಕಾಲ ನಾಲ್ಕು ಹಂತ ಇಟ್ಟುಕೊಂಡಿತ್ತು, 2000ದ ದಶಕದಲ್ಲಿ ಎರಡಕ್ಕೆ ಇಳಿಸಿತು. ಗಾಡಿಯ ಹತ್ತಿರವೇ ಭಾಗ ಬದಲಿಸಿ ಗಾಡಿಯನ್ನು ಕೆಲಸಕ್ಕೆ ಹಚ್ಚುವುದು ಒಂದು, ತೆಗೆದ ಭಾಗವನ್ನು ಹಿಂದೆ ಸರಿ ಮಾಡಿ ದಾಸ್ತಾನಿಗೆ ಸೇರಿಸುವುದು ಇನ್ನೊಂದು. ಇಂದಿನ ಗಾಡಿಗಳಲ್ಲಿ ಡಬ್ಬಿಯಂತೆ ತೆಗೆದು ಹಾಕುವ ಭಾಗ ಹೆಚ್ಚಿರುವುದರಿಂದ ಇದು ಸಾಧ್ಯವಾಯಿತು. ಆದರೆ ಇದರಲ್ಲೂ ಒಂದು ತೊಡಕಿದೆ. ಬದಲಿ ಭಾಗ ಸಮಯಕ್ಕೆ ಬರದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಮೂರು ತಪ್ಪು ಕಲ್ಪನೆ

ಹೇಳಿಕೆ: ಸೈನ್ಯದ ಗಾಡಿ ಗಟ್ಟಿ, ಅದು ಕೆಡುವುದೇ ಇಲ್ಲ.
ವಾಸ್ತವ: ಕೆಡುತ್ತದೆ. ಮರಳು, ಹಿಮ, ಉಪ್ಪುಗಾಳಿಯಲ್ಲಿ ಓಡುವ ಗಾಡಿ ಬೇಗ ಸವೆಯುತ್ತದೆ. ಕೆಡುವುದೆಂದು ಒಪ್ಪಿಕೊಂಡೇ ಈ ವ್ಯವಸ್ಥೆ ಕಟ್ಟಿದ್ದಾರೆ.

ಹೇಳಿಕೆ: ಟ್ಯಾಂಕನ್ನು ಹೊತ್ತುಕೊಂಡು ಹೋಗುತ್ತಿದ್ದಾರೆಂದರೆ ಅದು ಕಳಪೆ.
ವಾಸ್ತವ: ಓಡುವ ಟ್ಯಾಂಕನ್ನೂ ರೈಲಿನಲ್ಲೇ ಒಯ್ಯುತ್ತಾರೆ. ಅವಧಿ ಮುಗಿದರೆ ಚೆನ್ನಾಗಿ ಓಡುವ ಗಾಡಿಯೂ ಓವರ್‌ಹಾಲಿಗೆ ಹೋಗುತ್ತದೆ, ನಮ್ಮ ರೈಲು ಬೋಗಿಯಂತೆಯೇ.

ಹೇಳಿಕೆ: ಒಂದೇ ದಿನ ಇಷ್ಟು ಗಾಡಿ ಹೋಗುತ್ತಿವೆ ಎಂದರೆ ಯುದ್ಧವೇ.
ವಾಸ್ತವ: ಗಾಡಿಯ ಎಣಿಕೆಯಿಂದ ಉದ್ದೇಶ ತಿಳಿಯದು. ಅಭ್ಯಾಸಕ್ಕೆ ಹೋಗುವ ಘಟಕ ತನ್ನ ರಿಪೇರಿ ಲಾರಿಗಳನ್ನೂ ಜೊತೆಗೇ ಒಯ್ಯುತ್ತದೆ, ಹಾಗಾಗಿ ಸಾಲು ಉದ್ದವಾಗಿಯೇ ಕಾಣುತ್ತದೆ.

ಹಾಗಾದರೆ ವಿಡಿಯೊ ಕಳಿಸಿದರೆ ಏನು ತಪ್ಪು?

ಎರಡು ತೊಂದರೆ ಇವೆ. ಒಂದು, ಕಾರಣವಿಲ್ಲದ ಭಯ. ಎರಡನೆಯದು ಇನ್ನೂ ಗಂಭೀರ. ಒಂದುವೇಳೆ ಅದು ನಿಜವಾಗಿಯೂ ಮಹತ್ವದ ಸಾಗಣೆಯಾಗಿದ್ದರೆ, ಯಾವ ಗಾಡಿ, ಎಷ್ಟು, ಯಾವ ಊರು, ಯಾವ ಸಮಯ ಎಂಬುದನ್ನು ನಾವೇ ಎಲ್ಲರಿಗೂ ಹಂಚಿದಂತಾಯಿತು. ರಿಪೇರಿಗೆ ಹೋಗುವ ಗಾಡಿಗಳ ಲೆಕ್ಕವೂ ಗುಟ್ಟಿನ ಮಾಹಿತಿಯೇ. ಎಷ್ಟು ಗಾಡಿ ಸದ್ಯ ಕೆಲಸಕ್ಕಿಲ್ಲ ಎಂದು ತಿಳಿಯುವುದು ಯಾವ ಶತ್ರುವಿಗೆ ಬೇಡ?

2025ರ ಏಪ್ರಿಲ್ 26ರಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಸೇನಾ ಕಾರ್ಯಾಚರಣೆ ಮತ್ತು ಭದ್ರತಾ ಪಡೆಗಳ ಚಲನವಲನದ ನೇರ ಪ್ರಸಾರ ಬೇಡವೆಂದು ಮಾಧ್ಯಮಗಳಿಗೆ ಸೂಚಿಸಿತು. ಸಾಮಾಜಿಕ ಜಾಲತಾಣ ಬಳಸುವವರೂ ಜವಾಬ್ದಾರಿಯಿಂದ ಇರಬೇಕೆಂದು ಹೇಳಿತು. ಕಾರ್ಗಿಲ್ ಯುದ್ಧ, ಕಂದಹಾರ್ ವಿಮಾನ ಅಪಹರಣ ಮತ್ತು ಮುಂಬೈ ದಾಳಿಯ ಸಮಯದ ಪ್ರಸಾರದಿಂದಾದ ತೊಂದರೆಯನ್ನು ಅದರಲ್ಲಿ ನೆನಪಿಸಲಾಗಿತ್ತು.

ಆದ್ದರಿಂದ ಇಂಥ ವಿಡಿಯೊ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಗ್ರೂಪಿನಲ್ಲಿ ಬೈಯುವ ಬದಲು ಪ್ರತ್ಯೇಕವಾಗಿ, "ಅಣ್ಣಾರ, ಇದು ಎಲ್ಲಿದು, ಯಾವಾಗಿಂದು ಅಂತ ಗೊತ್ತದ ಏನ್ರೀ?" ಎಂದು ಕೇಳಿ. ಗೊತ್ತಿಲ್ಲವೆಂದರೆ ಅಳಿಸಲು ಹೇಳಿ. ಹಳೆಯ ವಿಡಿಯೊಗೆ ಹೊಸ ಸಾಲು ಬರೆದು ಬಿಡುವುದು ಈ ದಂಧೆಯ ಅತಿ ಹಳೆಯ ತಂತ್ರ.

ನಮ್ಮ ಮನೆಗೂ ಒಂದು ಪಟ್ಟಿ

ಈ ಹಂತದ ಲೆಕ್ಕ ಮನೆಯಲ್ಲೂ ಕೆಲಸಕ್ಕೆ ಬರುತ್ತದೆ. ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಕೇಳಿ: ನಾನು ಮಾಡಬೇಕಾದದ್ದು ಯಾವುದು, ಮಿಸ್ತ್ರಿಗೆ ಕೊಡಬೇಕಾದದ್ದು ಯಾವುದು, ಕಂಪನಿ ಸರ್ವಿಸ್ ಸೆಂಟರಿಗೇ ಹೋಗಬೇಕಾದದ್ದು ಯಾವುದು?

ಸ್ಕೂಟರ್: ಗಾಳಿ, ಬ್ರೇಕು, ಲೈಟು ನೋಡುವುದು ನಿಮ್ಮ ಕೆಲಸ. ಆಯಿಲ್, ಬ್ರೇಕ್ ಶೂ ಗ್ಯಾರೇಜಿನದು. ಎಂಜಿನ್ ಒಳಗಿನ ಕೆಲಸ ಅದಕ್ಕೆ ಬೇಕಾದ ಟೂಲ್ ಇರುವವರದು.

ಹೊಲದ ಪಂಪ್‌ಸೆಟ್: ಸದ್ದು ಬದಲಾಗಿದೆಯೇ, ನೀರು ಕಡಿಮೆಯಾಗಿದೆಯೇ ಎಂದು ಗಮನಿಸುವುದು ನಿಮ್ಮದು. ಸ್ಟಾರ್ಟರ್ ಪೆಟ್ಟಿಗೆ ತೆರೆಯುವುದು ಎಲೆಕ್ಟ್ರಿಷಿಯನ್ನದು. ಟ್ರಾನ್ಸ್‌ಫಾರ್ಮರ್ ಹೆಸ್ಕಾಂನವರದು ಮಾತ್ರ. ಫ್ಯೂಸ್ ಹೋಯಿತೆಂದು ಕೋಲು ಹಿಡಿದು ಅದರ ಹತ್ತಿರ ಹೋಗಬೇಡಿ. ಹಂತ ಮೀರಿದ್ದಕ್ಕೆ ಜೀವವೇ ಬೆಲೆಯಾಗುವ ಜಾಗ ಅದು.

ಗ್ಯಾಸ್ ಸಿಲಿಂಡರ್: ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ, ಬಾಗಿಲು ತೆರೆಯುವುದು ನಿಮ್ಮ ಹಂತ. ಸ್ವಿಚ್ ಮುಟ್ಟಬೇಡಿ. ತುರ್ತು ಸಂಖ್ಯೆ 1906ಕ್ಕೆ ಮನೆಯಿಂದ ಹೊರಗೆ ಬಂದು ಫೋನ್ ಮಾಡಿ. ವಾಲ್ವ್ ಸರಿ ಮಾಡುವುದು ನಿಮ್ಮ ಕೆಲಸವಲ್ಲ.

ಮೊಬೈಲ್: ನೀರಿಗೆ ಬಿದ್ದರೆ ತಕ್ಷಣ ಆಫ್ ಮಾಡಿ, ಒರೆಸಿ, ಚಾರ್ಜಿಗೆ ಹಾಕದೆ ಗಾಳಿಯಾಡುವ ಜಾಗದಲ್ಲಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವ ಫಾರ್ವರ್ಡ್ ನಂಬಬೇಡಿ. ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದೆಂದು ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಬ್ಯಾಟರಿ ಉಬ್ಬಿದ್ದರೆ ನಿಮ್ಮ ಹಂತದ ಕೆಲಸ ಒಂದೇ: ಬಳಸುವುದನ್ನೂ ಚಾರ್ಜ್ ಮಾಡುವುದನ್ನೂ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಒಯ್ಯುವುದು. ಒತ್ತಬೇಡಿ, ಪಿನ್ನಿನಿಂದ ಚುಚ್ಚಬೇಡಿ. ಲಿಥಿಯಂ ಬ್ಯಾಟರಿಯ ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಕೊನೆಯದಾಗಿ ಫಾರ್ವರ್ಡ್ ಕೂಡ ಹೀಗೆಯೇ. ಓದುವುದು, ಅನುಮಾನಿಸುವುದು, ತಡೆಹಿಡಿಯುವುದು ನಮ್ಮ ಹಂತದ ಕೆಲಸ, ದಿನವೂ ಮಾಡಬೇಕಾದ ಕೆಲಸ. ರೈಲಿನ ಮೇಲಿನ ಟ್ಯಾಂಕ್ ಎಲ್ಲಿಗೆ, ಯಾಕೆ ಹೊರಟಿದೆ ಎಂಬುದನ್ನು ಅದರ ಹೊಣೆ ಹೊತ್ತವರಿಗೆ ಬಿಡೋಣ.